ಬರಿಗೈಯಲ್ಲಿ ಬಂದವಳಲ್ಲ

2025ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದಿಂದ ಎರಡು ವಾರ್ತೆಗಳು ಬಂದವು. ಹತ್ತು ವರ್ಷಗಳಿಂದ ಎಳೆದಾಡುತ್ತಿದ್ದ ಒಂದು ಮೊಕದ್ದಮೆಯ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಅಲ್ಲಿನ ಸುಪ್ರೀಂ ಕೋರ್ಟು ತಿಂಗಳ ನಡುವಿನಲ್ಲಿ ನಿರಾಕರಿಸಿತು. ಅದರಿಂದಾಗಿ, ಎಚ್-1ಬಿ ವೀಸಾದ ಮೇಲೆ ಅಲ್ಲಿ ದುಡಿಯುತ್ತಿರುವವರ ಪತ್ನಿಯರಲ್ಲಿ ಕೆಲವರಿಗೆ 2015ರಲ್ಲಿ ದೊರೆತಿದ್ದ ಉದ್ಯೋಗದ ಹಕ್ಕು ಉಳಿದುಕೊಂಡಿತು. ತಿಂಗಳ ಕೊನೆಯಲ್ಲಿ ಸರ್ಕಾರ ಬೇರೊಂದು ನಿಯಮವನ್ನು ಹೊರಡಿಸಿತು. ಉದ್ಯೋಗದ ಪರವಾನಗಿಯ ಅವಧಿ ಮುಗಿದಾಗ, ನವೀಕರಣದ ಅರ್ಜಿ ಇತ್ಯರ್ಥವಾಗುವವರೆಗೆ ಹಳೆಯ ಪರವಾನಗಿಯ ಮೇಲೆಯೇ 540 ದಿನಗಳ ಮಿತಿಯೊಳಗೆ ಕೆಲಸ ಮುಂದುವರಿಸಬಹುದಾಗಿದ್ದ ಸೌಕರ್ಯವು ಅಕ್ಟೋಬರ್ 30ರಿಂದೀಚೆಗೆ ಸಲ್ಲಿಸಿದ ಅರ್ಜಿಗಳಿಗೆ ಇಲ್ಲವಾಯಿತು. ನ್ಯಾಯಾಲಯ ಬಾಗಿಲನ್ನು ಮುಚ್ಚಲಿಲ್ಲ. ಸರ್ಕಾರ ಹೊಸ್ತಿಲನ್ನು ಎತ್ತರಿಸಿತು.

ಅದರ ಹಿಂದಿನ ತಿಂಗಳು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಘೋಷಣೆಯಾದಾಗ ನಾನು ಓದುವ ಪತ್ರಿಕೆಗಳ ಮುಖಪುಟಗಳು ಅದರಿಂದಲೇ ತುಂಬಿಹೋಗಿದ್ದವು. ಈ ಎರಡು ವಾರ್ತೆಗಳನ್ನು ಓದಿದ್ದು ಒಳಪುಟದ ಮೂಲೆಯಲ್ಲಿ. ಗಂಡನ ಉದ್ಯೋಗದ ಸುದ್ದಿ ದೇಶದ ಸುದ್ದಿ, ಹೆಂಡತಿಯ ಉದ್ಯೋಗದ ಸುದ್ದಿ ಮನೆಯ ಸುದ್ದಿ ಎಂಬ ವಾಡಿಕೆ ನಮ್ಮಿಂದ ಇನ್ನೂ ಹೋಗಿಲ್ಲವೆಂದು ತೋರುತ್ತದೆ. ಬಹುಕಾಲ ಕಾಲೇಜಿನಲ್ಲಿ ಪಾಠ ಹೇಳಿದವನಾದ್ದರಿಂದ ನನಗೆ ಈ ವಿಷಯವನ್ನು ಹಾಗೆ ಮೂಲೆಗೆ ಸರಿಸುವುದು ಸಾಧ್ಯವಾಗಲಿಲ್ಲ. ನನ್ನ ತರಗತಿಗಳ ಮುಂದಿನ ಸಾಲುಗಳಲ್ಲಿ ಕುಳಿತು ಓದಿದ ಎಷ್ಟೋ ಮಂದಿ ಹೆಣ್ಣುಮಕ್ಕಳು ಮದುವೆಯಾಗಿ ಹೊರದೇಶಗಳಿಗೆ ಹೋದರು. ಅವರಲ್ಲಿ ಯಾರು ಕಲಿತ ವಿದ್ಯೆಯಿಂದ ದುಡಿಯುತ್ತಿದ್ದಾರೆ, ಯಾರು ಕೈಕಟ್ಟಿ ಕುಳಿತಿದ್ದಾರೆ ಎಂದು ವಿಚಾರಿಸಿದರೆ ಅವರು ಪರೀಕ್ಷೆಯಲ್ಲಿ ಪಡೆದ ದರ್ಜೆಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ. ಕೈಹಿಡಿದವನ ವೀಸಾದ ಜಾತಿ ಯಾವುದು ಎಂಬುದೇ ಬಹುಮಟ್ಟಿಗೆ ಅದನ್ನು ನಿಶ್ಚಯಿಸಿದೆ.

ಎಚ್-1ಬಿ ನೌಕರನ ಪತ್ನಿಯದು ಎಚ್-4 ಎಂಬ ವರ್ಗ. ಆಕೆ ಅಮೆರಿಕದಲ್ಲಿ ವಾಸಿಸಬಹುದು, ಕಾಲೇಜಿಗೆ ಸೇರಿ ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಕಾನೂನಿನ ಭಾಷೆಯಲ್ಲಿ ಆಕೆ ‘ಡಿಪೆಂಡೆಂಟ್’, ಎಂದರೆ ಅವಲಂಬಿತೆ. ಮನೆಯಾಕೆ, ಗೃಹಿಣಿ, ಯಜಮಾನಿ ಎಂಬ ಮಾತುಗಳು ನಮ್ಮಲ್ಲುಂಟು. ಅವುಗಳ ಹಿಂದಿನ ವ್ಯವಸ್ಥೆ ಹೇಗೇ ಇರಲಿ, ಒಂದೊಂದು ಮಾತಿನಲ್ಲೂ ಒಂದಿಷ್ಟು ಅಧಿಕಾರದ ಸೂಚನೆಯಾದರೂ ಇದೆ. ಅವಲಂಬಿತೆ ಎಂಬ ಮಾತಿನಲ್ಲಿ ಅಷ್ಟೂ ಇಲ್ಲ. 2015ರ ಮೇ ತಿಂಗಳಿನಿಂದ ಇದಕ್ಕೊಂದು ವಿನಾಯಿತಿ ಬಂತು. ಪತಿಯ ಗ್ರೀನ್ ಕಾರ್ಡಿಗಾಗಿ ಅವನ ಮಾಲಿಕರು ಹಾಕಿದ ಅರ್ಜಿಯ ಮೊದಲ ಹಂತಗಳು ಮುಗಿದು ಮಂಜೂರಾತಿ ದೊರೆತಿದ್ದರೆ, ಪತ್ನಿ ಉದ್ಯೋಗದ ಪರವಾನಗಿಗೆ ಅರ್ಜಿ ಹಾಕಬಹುದು. ಹೀಗೆ ಪರವಾನಗಿ ಪಡೆದವರ ಮೊದಲ ವರ್ಷಗಳ ಲೆಕ್ಕವನ್ನು ಅಮೆರಿಕದ ಸಂಸತ್ತಿನ ಸಂಶೋಧನಾ ವಿಭಾಗ ಪ್ರಕಟಿಸಿದಾಗ, ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಹೆಂಗಸರು ಮತ್ತು ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಭಾರತೀಯರು ಎಂದು ಕಂಡುಬಂತು. ಭಾರತೀಯರೇ ಏಕೆ ಎಂಬುದಕ್ಕೆ ಕಾರಣ ಸರಳವಾಗಿದೆ. ಎಚ್-1ಬಿ ಮಂಜೂರಾತಿಗಳಲ್ಲಿ ನೂರಕ್ಕೆ ಸುಮಾರು 70 ನಮ್ಮವರದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಾದರೋ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವ ಒಂದು ದೇಶಕ್ಕೂ ನೂರಕ್ಕೆ 7ಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಸಲ್ಲದು. ಪುಟ್ಟ ದೇಶಕ್ಕೂ ಅದೇ ಮಿತಿ, ಭಾರತಕ್ಕೂ ಅದೇ ಮಿತಿ. ಆದ್ದರಿಂದ ಬೇರೆಯವರು ಕೆಲವೇ ವರ್ಷಗಳಲ್ಲಿ ದಾಟುವ ಹಾದಿಯಲ್ಲಿ ನಮ್ಮವರು ದಶಕಗಳನ್ನೇ ಕಳೆಯುತ್ತಾರೆ. ಆ ಹಾದಿಯ ಬದಿಯಲ್ಲಿ ಕುಳಿತವಳು ಅವಲಂಬಿತೆ.

ಪರವಾನಗಿ ಕೈಗೆ ಬಂದರೂ ಅದರ ಬೇರು ಇರುವುದು ಪತಿಯ ನೆಲದಲ್ಲಿ. ಅವನ ಕೆಲಸ ಹೋಯಿತೆಂದರೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ 60 ದಿನಗಳ ಅವಕಾಶ. ಅಷ್ಟರಲ್ಲಿ ದಾರಿ ಕಾಣದಿದ್ದರೆ, ತನ್ನ ಕಚೇರಿಯಲ್ಲಿ ಯಾವ ಕುಂದೂ ಇಲ್ಲದೆ ದುಡಿಯುತ್ತಿರುವ ಹೆಂಡತಿಯೂ ಎದ್ದು ಬರಬೇಕು. ಈಗ ನವೀಕರಣ ತಡವಾದರೂ ಅದೇ ಗತಿ. ಕೆಲಸಕ್ಕೆ ತೆಗೆದುಕೊಳ್ಳುವವನ ದೃಷ್ಟಿಯಿಂದ ನೋಡಿದರೆ, ಇನ್ನು ಕೆಲವು ತಿಂಗಳಲ್ಲಿ ಕಾನೂನಿನ ಕಾರಣದಿಂದ ಅವಳನ್ನು ಕಳೆದುಕೊಳ್ಳಬಹುದೆಂದು ಗೊತ್ತಿರುವಾಗ ಅವನು ಬೇರೊಬ್ಬರನ್ನು ಆರಿಸಿಕೊಂಡರೆ ಆಶ್ಚರ್ಯವೇನು? ಅದೇ ದೇಶದಲ್ಲಿ, ಒಂದೇ ಸಂಸ್ಥೆಯ ಬೆಂಗಳೂರಿನ ಶಾಖೆಯಿಂದ ಅಲ್ಲಿಗೆ ವರ್ಗವಾಗಿ ಎಲ್-1 ವೀಸಾದ ಮೇಲೆ ಹೋದ ಅಧಿಕಾರಿಯ ಪತ್ನಿ, 2021ರ ನವೆಂಬರಿನಲ್ಲಿ ಆದ ಒಂದು ರಾಜಿಯ ಬಳಿಕ, ಬೇರೆ ಪರವಾನಗಿಯ ಹಂಗಿಲ್ಲದೆ ದುಡಿಯಬಹುದು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ, ಒಂದೇ ಕಾಲೇಜಿನಲ್ಲಿ ಓದಿದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಸಲ್ಲುವುದು ಇನ್ನೊಬ್ಬಳಿಗೆ ಸಲ್ಲುವುದಿಲ್ಲ. ಇದಕ್ಕೆ ತರ್ಕವೇನೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆದಿಲ್ಲ.

ಕಾನೂನಿನಲ್ಲಿ ಹೆಣ್ಣೆಂದು ಎಲ್ಲಿಯೂ ಬರೆದಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜವೇ. ಸಮಾಜಶಾಸ್ತ್ರಜ್ಞೆ ಪಲ್ಲವಿ ಬ್ಯಾನರ್ಜಿಯವರು 2022ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಕಂಪ್ಯೂಟರ್ ನೌಕರರ ಪತ್ನಿಯರನ್ನೂ, ದಾದಿಯರಾಗಿ ಹೋದ ಭಾರತೀಯ ಹೆಂಗಸರ ಪತಿಯರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆ. ಅಲ್ಲಿ ಅವಲಂಬಿತರಾದ ಗಂಡಸರೂ ಉಂಟು, ಅವರ ಸಂಕಟವೂ ಉಂಟು. ಆದರೆ ನಮ್ಮಲ್ಲಿ ಗಂಡು ಮುಂದಾಗಿ ಹೊರಡುವುದೂ ಹೆಣ್ಣು ಹಿಂದೆ ಹೋಗುವುದೂ ರೂಢಿಯಾದ್ದರಿಂದ, ಲಿಂಗವನ್ನೇ ಹೇಳದ ಕಾನೂನಿನ ಭಾರವೂ ಬಹುಮಟ್ಟಿಗೆ ಹೆಣ್ಣಿನ ಹೆಗಲಿಗೇ ಬೀಳುತ್ತದೆ.

ಎದುರುಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡುವುದು ತರವಲ್ಲ. ಆ ಮೊಕದ್ದಮೆ ಹೂಡಿದವರು ‘ಸೇವ್ ಜಾಬ್ಸ್ ಯುಎಸ್ಎ’ ಎಂಬ ಕೂಟದವರು. ಕ್ಯಾಲಿಫೋರ್ನಿಯದ ಒಂದು ವಿದ್ಯುತ್ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಂಡಿದ್ದು, ಆ ಕೆಲಸ ಎಚ್-1ಬಿ ನೌಕರರ ಪಾಲಾದಾಗ ಅದನ್ನು ಕಳೆದುಕೊಂಡವರು. ಅವರ ಸಿಟ್ಟು ಸುಳ್ಳು ಸಿಟ್ಟಲ್ಲ. ಅಗ್ಗದ ದುಡಿಮೆಗಾಗಿ ಒಬ್ಬನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸುವ ವ್ಯಾಪಾರದಲ್ಲಿ ನಮ್ಮ ದೇಶದ ಕಂಪನಿಗಳ ಪಾಲೂ ಇಲ್ಲವೆಂದು ಹೇಳುವಂತಿಲ್ಲ. ಆದರೆ ಅವರು ತಡೆಯಹೊರಟದ್ದು ಆ ವ್ಯಾಪಾರವನ್ನಲ್ಲ, ಆ ನೌಕರರ ಹೆಂಡತಿಯರ ಪರವಾನಗಿಯನ್ನು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ನಮ್ಮವರು ಹೇಳುವುದು ಇದಕ್ಕೇ. ಕೆಳಗಿನ ನ್ಯಾಯಾಲಯ 2023ರಲ್ಲಿಯೂ ಮೇಲಿನದು 2024ರಲ್ಲಿಯೂ ಅವರ ವಾದವನ್ನು ತಳ್ಳಿಹಾಕಿದವು.

ಪರವಾನಗಿಯೊಂದಿದ್ದರೆ ಎಲ್ಲವೂ ಸರಿಹೋದೀತೇ? ಇದಕ್ಕೆ ಉತ್ತರ ಬೇಕಾದರೆ ಗಡಿಯನ್ನು ದಾಟಿ ಕೆನಡಾದ ಕಡೆ ನೋಡಬೇಕು. ಅಲ್ಲಿ ಖಾಯಂ ವಾಸಿಯಾಗಿ ಬಂದ ಕುಟುಂಬದಲ್ಲಿ ಹೆಂಡತಿಗೂ ಮೊದಲ ದಿನದಿಂದಲೇ ದುಡಿಯುವ ಹಕ್ಕು. ಅಷ್ಟೇ ಅಲ್ಲ, 2015ರಲ್ಲಿ ಜಾರಿಗೆ ಬಂದ ಆಯ್ಕೆಯ ಪದ್ಧತಿಯಲ್ಲಿ ಅರ್ಜಿದಾರನ ಓದಿಗೆ ಅಂಕವಿರುವಂತೆ ಹೆಂಡತಿಯ ಓದಿಗೂ ಭಾಷಾಜ್ಞಾನಕ್ಕೂ ಅಂಕಗಳುಂಟು. ಎಂದರೆ ಹೆಂಡತಿಯ ಬಿ.ಇ. ಪದವಿ ಗಂಡನನ್ನು ಕೆನಡಾಕ್ಕೆ ದಾಟಿಸಲು ನೆರವಾಗುತ್ತದೆ. ದಾಟಿದ ಮೇಲೆ ಅದೇ ಪದವಿಯನ್ನು ಹಿಡಿದು ಆಕೆ ಕೆಲಸ ಕೇಳಹೋದರೆ ಬಹುಕಾಲ ಕೇಳಿಬರುತ್ತಿದ್ದ ಪ್ರಶ್ನೆ: ‘ಕೆನಡಾದಲ್ಲಿ ನಿಮಗೆ ಅನುಭವವೆಷ್ಟು?’ ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ನಮ್ಮ ಗಾದೆಯನ್ನು ಟೊರಾಂಟೊದಲ್ಲಿ ಯಾರಾದರೂ ಅನುವಾದಿಸಿಕೊಳ್ಳಬಹುದಾಗಿತ್ತು.

ಈ ಪ್ರಶ್ನೆಯನ್ನು ಅಡಗಿಸಲು ಒಂಟಾರಿಯೋ ಪ್ರಾಂತಕ್ಕೆ ಹಿಡಿದ ಕಾಲ ನೋಡಿರಿ. ಇಂಥ ಷರತ್ತು ಮೇಲ್ನೋಟಕ್ಕೇ ಪಕ್ಷಪಾತವೆಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ ಹೇಳಿದ್ದು 2013ರಲ್ಲಿ. ಎಂಜಿನಿಯರುಗಳಿಗೆ ಲೈಸೆನ್ಸ್ ಕೊಡುವ ಮಂಡಲಿ ಆ ಷರತ್ತನ್ನು ಕೈಬಿಟ್ಟದ್ದು 2023ರಲ್ಲಿ. 25 ಅಥವಾ ಹೆಚ್ಚು ನೌಕರರಿರುವ ಮಾಲಿಕರು ಕೆಲಸದ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕೆಂದು ಬರೆಯಕೂಡದೆಂಬ ಕಾನೂನು ಜಾರಿಗೆ ಬಂದದ್ದು 2026ರ ಜನವರಿ 1ರಂದು. ಆಯೋಗದ ಮಾತಿಗೂ ಈ ಕಾನೂನಿಗೂ ನಡುವೆ ಹನ್ನೆರಡು ವರ್ಷಗಳಿಗೂ ಮಿಕ್ಕ ಅಂತರ. ಆ ಹೊತ್ತಿಗೆ ವಿದೇಶಕ್ಕೆ ಕಾಲಿಟ್ಟ ಮೂವತ್ತರ ಹೆಣ್ಣುಮಗಳಿಗೆ ಈಗ ನಲವತ್ತೆರಡು ದಾಟಿದೆ.

ಜಾಹೀರಾತಿನಿಂದ ಒಂದು ವಾಕ್ಯವನ್ನು ಕಾನೂನು ಅಳಿಸಬಲ್ಲದು. ಅರ್ಜಿಗಳನ್ನು ಆರಿಸುವವನ ಮನಸ್ಸಿನಿಂದ ಅಳಿಸುವುದು ಅಷ್ಟು ಸುಲಭವಲ್ಲ. ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲಸ್ ಅವರು ಟೊರಾಂಟೊದ ಮಾಲಿಕರಿಗೆ ಸಾವಿರಾರು ಕೃತಕ ಅರ್ಜಿಗಳನ್ನು ಕಳಿಸಿ ನಡೆಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಓದು, ಅನುಭವ ಎರಡೂ ಕೆನಡಾದವೇ ಆಗಿದ್ದರೂ, ಇಂಗ್ಲಿಷ್ ಹೆಸರಿನ ಅರ್ಜಿಗಳಿಗೆ ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರಿನ ಅರ್ಜಿಗಳಿಗಿಂತ ನೂರಕ್ಕೆ ಸುಮಾರು 40ರಷ್ಟು ಹೆಚ್ಚು ಕರೆಗಳು ಬಂದವು. ಹೆಸರೇ ತೊಡಕಾದಾಗ ಪದವಿ ಏನು ಮಾಡೀತು?

ಇಲ್ಲಿ ನೆರವಾಗುವುದು ಪರಿಚಯ. ಪರಿಚಯವೆಂದರೆ ನಮ್ಮಲ್ಲಿ ವಶೀಲಿ ಎಂಬ ಕೆಟ್ಟ ಅರ್ಥ ಬಂದುಬಿಟ್ಟಿದೆ. ಆ ಅರ್ಥದಲ್ಲಿ ಹೇಳುತ್ತಿಲ್ಲ. ಬಾಸ್ಟನ್ ನಗರದ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ವಿದ್ಯಾವಂತ ನೌಕರರಿಗೆ ಕೆಲಸ ಹೇಗೆ ಸಿಕ್ಕಿತೆಂದು ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ವಿಚಾರಿಸಿ, 1973ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಪರಿಚಯದ ಮೂಲಕ ಕೆಲಸ ಪಡೆದವರಲ್ಲಿ ಬಹುಮಂದಿಗೆ ಆ ಸುಳಿವು ಬಂದದ್ದು ಆಪ್ತರಿಂದಲ್ಲ, ಅಪರೂಪಕ್ಕೆ ಕಾಣುವ ದೂರದ ಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸಂಗತಿ ಬರುವುದು ಬೇರೆ ವಲಯದಿಂದ. ಹೊಸ ದೇಶಕ್ಕೆ ಬಂದ ಹೆಣ್ಣಿನ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಆಕೆಗೆ ಆಪ್ತರಿಲ್ಲವೆಂದಲ್ಲ. ಗಂಡನ ಸಹೋದ್ಯೋಗಿಗಳ ಮನೆಯವರಿದ್ದಾರೆ, ಕನ್ನಡ ಕೂಟವಿದೆ, ಯುಗಾದಿಯ ಹೋಳಿಗೆಯಿದೆ, ನವೆಂಬರಿನ ನಾಟಕವಿದೆ. ಆದರೆ ಆ ವಲಯದ ಅನೇಕರು ಅವಳಂತೆಯೇ ಕಾಯುತ್ತಿರುವವರು. ದೂರದ ಪರಿಚಿತರೆಂಬ ವರ್ಗವೇ ಆಕೆಗಿಲ್ಲ. ಅದೆಲ್ಲ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಉಳಿದುಹೋಯಿತು.

ಟೊರಾಂಟೊದಲ್ಲಿ 2003ರಲ್ಲಿ ಹುಟ್ಟಿದ ವಲಸಿಗರ ಉದ್ಯೋಗ ಪರಿಷತ್ತು ಇದನ್ನು ಅರಿತುಕೊಂಡು, ಹೊಸದಾಗಿ ಬಂದವರೊಬ್ಬರನ್ನು ಅದೇ ವೃತ್ತಿಯಲ್ಲಿ ನೆಲೆಯೂರಿದವರೊಬ್ಬರೊಡನೆ ಕೆಲವು ತಿಂಗಳು ಜೊತೆಗೂಡಿಸುವ ಏರ್ಪಾಡನ್ನು ಮಾಡಿತು. ಕೆಲಸ ಕೊಡಿಸುವುದು ಆ ಹಿರಿಯರ ಹೊಣೆಯಲ್ಲ. ಆ ವೃತ್ತಿಯಲ್ಲಿ ಅಲ್ಲಿನವರು ಯಾವುದನ್ನು ಏನೆಂದು ಕರೆಯುತ್ತಾರೆ, ಸಂದರ್ಶನದಲ್ಲಿ ತನ್ನನ್ನು ಎಷ್ಟು ಹೊಗಳಿಕೊಳ್ಳಬಹುದು, ಯಾರನ್ನು ಹೋಗಿ ಕಾಣಬೇಕು ಎಂಬುದನ್ನು ಹೇಳಿಕೊಡುವುದಷ್ಟೇ. ಆತ್ಮಪ್ರಶಂಸೆ ಸಲ್ಲದೆಂದು ಬೆಳೆಸಿದ ನಮ್ಮ ಹೆಣ್ಣುಮಕ್ಕಳಿಗೆ ಎರಡನೆಯ ಪಾಠ ಅತಿ ಕಷ್ಟವಾದದ್ದು. ಇದರಂತೆಯೇ ಉಪಯುಕ್ತವಾದ ಇನ್ನೊಂದು, ಕ್ಯಾಲ್ಗರಿಯಲ್ಲಿ 2005ರಲ್ಲಿ ಆರಂಭವಾಗಿ ಈಗ ‘ವಿಂಡ್‌ಮಿಲ್’ ಎಂಬ ಹೆಸರಿನಿಂದ ನಡೆಯುವ ಸಾಲದ ಸಂಸ್ಥೆ. ವೈದ್ಯೆಯೋ ದಾದಿಯೋ ಲೆಕ್ಕಪರಿಶೋಧಕಿಯೋ ಅಲ್ಲಿನ ಪರೀಕ್ಷೆಗಳಿಗೆ ಕಟ್ಟಿ ಓದಲು ಬೇಕಾದ ಹಣವನ್ನು ಇದು ಸಾಲವಾಗಿ ಕೊಡುತ್ತದೆ. ಇದರ ಬೆಲೆ ತಿಳಿಯಬೇಕಾದರೆ, ಒಂದು ಸಂಬಳದ ಮನೆಯಲ್ಲಿ ಹೆಂಡತಿಯ ಪರೀಕ್ಷೆಯ ಶುಲ್ಕ ಯಾವ ಖರ್ಚಿನ ನಂತರ ಬರುತ್ತದೆಂಬುದನ್ನು ಬಲ್ಲವರಾಗಿರಬೇಕು.

ಇನ್ನು ಮಗು. ಕೆನಡಾದ ಸರ್ಕಾರ ಹೊಸಬರಿಗೆ ಭಾಷೆ ಕಲಿಸುವ ತರಗತಿಗಳನ್ನು 1992ರಿಂದ ನಡೆಸುತ್ತ ಬಂದಿದೆ. ಅನೇಕ ಕಡೆ ತಾಯಿ ಪಾಠ ಕೇಳುವಾಗ ಮಗುವನ್ನು ನೋಡಿಕೊಳ್ಳುವ ಕೋಣೆಯೂ ಅಲ್ಲಿಯೇ ಇರುತ್ತದೆ. ಈ ಕೋಣೆಯಿಲ್ಲದ ತರಗತಿ ಗಂಡಸರ ತರಗತಿಯಾಗಿಯೇ ಉಳಿಯುತ್ತದೆ. ನಮ್ಮವರು ಇದಕ್ಕೆ ಕಂಡುಕೊಂಡ ಪರಿಹಾರ ಬೇರೆ. ಬಾಣಂತನಕ್ಕೆಂದು ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ತಾಯಿ ಹೊರಡುತ್ತಾಳೆ. ಮೆಣಸಿನ ಪುಡಿ, ತುಪ್ಪ, ಲೇಹ್ಯಗಳ ಮೂಟೆಯೊಡನೆ ಆರು ತಿಂಗಳು ಇದ್ದು, ಆಕೆ ಹಿಂದಿರುಗುವ ವೇಳೆಗೆ ಅತ್ತೆ ಹೊರಡುತ್ತಾಳೆ. ಅಮೆರಿಕದಲ್ಲಿ ಪ್ರವಾಸಿಯಾಗಿ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳಷ್ಟೇ ಇರಬಹುದಾದ್ದರಿಂದ ಈ ಸರದಿ. ಮಗಳು ಕಂಪ್ಯೂಟರಿನ ಮುಂದೆ ಕೂತಿರುವುದು ತಾಯಿಯ ಮಂಡಿನೋವಿನ ಮೇಲೆ ಎಂದರೆ ತಪ್ಪಲ್ಲ. ಈ ದುಡಿಮೆ ಯಾವ ದೇಶದ ಲೆಕ್ಕದಲ್ಲೂ ಬರುವುದಿಲ್ಲ. ಆ ತಾಯಂದಿರಿಗೆ ಸಂಜೆಯ ಹೊತ್ತು ಮಾತಾಡಲು ಬೀದಿಯಲ್ಲಿ ಒಂದು ಮುಖ ಕಾಣುವುದಿಲ್ಲವೆಂಬುದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ವಲಸೆಯ ಹೆಣ್ಣಿಗೆ ನೆರವು ಎಂಬ ಮಾತು ಬಂದಾಗ ಮೊದಲು ನೆನೆಯಬೇಕಾದದ್ದು ಈ ನೆರವನ್ನು.

ಇದೆಲ್ಲ ನಮ್ಮ ಕಾಲದ ಹೊಸ ಸಮಸ್ಯೆಯೆಂದು ತಿಳಿಯಬೇಕಾಗಿಲ್ಲ. ಶಿಕಾಗೊ ನಗರದಲ್ಲಿ ಜೇನ್ ಆಡಮ್ಸ್ ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರಲ್ಲಿ ಹಲ್ ಹೌಸ್ ಎಂಬ ಮನೆಯನ್ನು ತೆರೆದಾಗ ಸುತ್ತಲಿನ ಬೀದಿಗಳಲ್ಲಿದ್ದವರು ಇಟಲಿ, ರಷ್ಯಾ, ಜರ್ಮನಿ, ಐರ್ಲೆಂಡುಗಳಿಂದ ಬಂದ ಬಡವರು. ದುಡಿಯುವ ತಾಯಂದಿರ ಮಕ್ಕಳಿಗೆ ಅಲ್ಲಿ ಶಿಶುವಿಹಾರವಿತ್ತು, ಸಂಜೆಯ ತರಗತಿಗಳಿದ್ದವು. 1900ರಲ್ಲಿ ಆಡಮ್ಸ್ ಅಲ್ಲಿಯೇ ಒಂದು ದುಡಿಮೆಯ ಪ್ರದರ್ಶನಶಾಲೆಯನ್ನು ತೆರೆದು, ನೆರೆಹೊರೆಯ ವಲಸೆಯ ಹೆಂಗಸರನ್ನೇ ಕರೆದು ಅವರವರ ನಾಡಿನ ನೂಲುವ, ನೇಯುವ ವಿಧಾನಗಳನ್ನು ತೋರಿಸುವಂತೆ ಕೇಳಿಕೊಂಡರು. 1910ರ ತಮ್ಮ ಆತ್ಮಕಥನದಲ್ಲಿ ಅವರು ಹೇಳುವ ಒಂದು ಪ್ರಸಂಗ ಇಟಲಿಯ ಒಬ್ಬ ಹುಡುಗಿಯದು. ತಾಯಿ ಪ್ರದರ್ಶನಶಾಲೆಯಲ್ಲಿ ಕದಿರು ಹಿಡಿದು ನೂಲುತ್ತಿದ್ದಳು. ಮಗಳು ಅದೇ ಸಂಜೆ ಅಡುಗೆಯ ತರಗತಿಗೆ ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿದ ಹಳ್ಳಿಯ ತಾಯಿಯ ಜೊತೆ ಕಾಣಿಸಿಕೊಳ್ಳಲು ನಾಚಿ ಆಕೆಯನ್ನು ಮುಂಬಾಗಿಲಲ್ಲಿ ಬಿಟ್ಟು, ತಾನು ಪಕ್ಕದ ಬಾಗಿಲಿಂದ ಒಳಗೆ ಹೋಗುತ್ತಿದ್ದಳು. ಒಂದು ಸಂಜೆ ಶಿಕ್ಷಣಶಾಸ್ತ್ರದವರ ತಂಡವೊಂದು ತಾಯಿಯ ಸುತ್ತ ನಿಂತು ಅವಳ ಕೈಚಳಕವನ್ನು ಮೆಚ್ಚಿ ಮಾತಾಡುತ್ತಿದ್ದುದನ್ನು ಮಗಳು ಕಂಡಳು. ಕೆಲವು ದಿನಗಳ ಮೇಲೆ ತಾಯಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಊರಿನ ಕೈನೂಲಿನ ಉಡುಪುಗಳನ್ನು ಹೊರತೆಗೆಯಲು ಅವಳು ಅಡ್ಡಿ ಮಾಡಲಿಲ್ಲ. ತಾಯಿ ಬರುವ ಬಾಗಿಲಿಂದಲೇ ತಾನೂ ಬರತೊಡಗಿದಳು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಸಂತೋಷದೊಡನೆ ಒಂದು ಅತೃಪ್ತಿಯೂ ಆಗುತ್ತದೆ. ತಾಯಿಗೆ ಗೌರವ ದೊರೆಯಿತು. ಆದರೆ ಯಂತ್ರಗಳ ಶಿಕಾಗೊದಲ್ಲಿ ಕದಿರಿನ ನೂಲಿಗೆ ಕೂಲಿಯಿರಲಿಲ್ಲ. ಬರ್ಲಿನ್ ನಗರದ ನೊಯ್‌ಕೋಲ್ನ್ ವಿಭಾಗದಲ್ಲಿ 2004ರಲ್ಲಿ ಆರಂಭವಾದ ‘ಬಡಾವಣೆಯ ತಾಯಂದಿರು’ ಎಂಬ ಯೋಜನೆ ಆ ಹೆಜ್ಜೆಯಿಂದ ಒಂದು ಹೆಜ್ಜೆ ಮುಂದೆ ಹೋಯಿತು. ತುರ್ಕಿ, ಅರಬ್ಬಿ ಮೊದಲಾದ ಭಾಷೆಗಳನ್ನಾಡುವ ವಲಸೆಯ ತಾಯಂದಿರಿಗೆ ಸುಮಾರು ಆರು ತಿಂಗಳ ತರಬೇತಿ ಕೊಟ್ಟು, ಅದೇ ಭಾಷೆಯ ಮನೆಗಳಿಗೆ ಕಳಿಸುತ್ತಾರೆ. ಮಗುವಿನ ಆರೋಗ್ಯ, ಶಾಲೆ, ಸರ್ಕಾರಿ ಕಚೇರಿಗಳ ವ್ಯವಹಾರ ಇವನ್ನು ಅವರು ತಿಳಿಸಿ ಹೇಳುತ್ತಾರೆ. ಅವರ ಕೊರಳಿನ ಕೆಂಪು ವಸ್ತ್ರವೇ ಅವರ ಗುರುತು. ಅದುವರೆಗೆ ಕೊರತೆಯೆಂದು ಎಣಿಸಿದ್ದ ತಾಯ್ನುಡಿಯೇ ಇಲ್ಲಿ ಕೆಲಸದ ಅರ್ಹತೆಯಾಯಿತು. ಆದರೂ ಇಂಥ ಕೆಲಸ ಬಹುಕಾಲ ತಾತ್ಕಾಲಿಕ ಅನುದಾನದ ಮೇಲೆಯೇ ನಡೆಯಿತು. ನೆರವಿನ ಸಂಸ್ಥೆಗಳಲ್ಲಿ ನಾನು ಕಾಣುವ ದೊಡ್ಡ ದೋಷವೂ ಇಲ್ಲಿಯೇ ಇದೆ. ಪರದೇಶದ ಹೆಂಗಸೆಂದೊಡನೆ ಅವಳನ್ನು ಅಡುಗೆ, ಕಸಪೊರಕೆ, ಮುದುಕರ ಆರೈಕೆಗಳ ಕಡೆ ತಿರುಗಿಸಿ, ಇಂತಿಷ್ಟು ಮಂದಿಗೆ ಉದ್ಯೋಗ ದೊರಕಿಸಿದೆವೆಂದು ವರದಿ ಬರೆಯುವುದು ಸುಲಭ. ಆ ಕೆಲಸಗಳಲ್ಲಿ ಹೀನವಾದದ್ದು ಏನೂ ಇಲ್ಲ. ಆದರೆ ಎಂಟು ವರ್ಷ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದ ವೈದ್ಯೆಯನ್ನು ಹಾಸಿಗೆ ಬದಲಿಸುವ ಕೆಲಸಕ್ಕೆ ಹಚ್ಚಿ ಅದನ್ನು ನೆರವೆಂದರೆ, ವರದಿಯ ಅಂಕಿ ಸರಿಯಾಗಿದ್ದೂ ಸಂಗತಿ ಸುಳ್ಳಾಗುತ್ತದೆ.

ನಮ್ಮ ಕೈಯಲ್ಲಿಯೂ ಒಂದು ಕೆಲಸವಿದೆ. ಅಧ್ಯಾಪಕರೂ ಕಾಲೇಜಿನ ಕಚೇರಿಯವರೂ ಇದನ್ನು ಓದುವರೆಂಬ ನಂಬಿಕೆಯಿಂದ ಬರೆಯುತ್ತೇನೆ. ವಿದೇಶದಲ್ಲಿ ಪದವಿಯ ಮೌಲ್ಯಮಾಪನಕ್ಕೆ ಅಂಕಪಟ್ಟಿಯ ನಕಲು ಸಾಮಾನ್ಯವಾಗಿ ಸಾಲದು. ವಿಶ್ವವಿದ್ಯಾನಿಲಯವೇ ದೃಢೀಕರಿಸಿ ಕಳಿಸಿದ ಟ್ರಾನ್ಸ್‌ಕ್ರಿಪ್ಟ್ ಬೇಕು, ಕೆಲವೊಮ್ಮೆ ಪಠ್ಯಕ್ರಮದ ಪ್ರತಿಯೂ ಬೇಕು. ನಿಶ್ಚಿತಾರ್ಥವಾಗಿ ಎರಡು ತಿಂಗಳಲ್ಲಿ ವಿಮಾನ ಹತ್ತುವ ಹುಡುಗಿಗೆ ಇದು ನೆನಪಾಗುವುದಿಲ್ಲ. ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಹತ್ತನೆಯ ತರಗತಿಯ ಪತ್ರದಲ್ಲಿ ಹೆಸರಿನ ಹಿಂದೆ ಊರಿನದೂ ತಂದೆಯದೂ ಎರಡಕ್ಷರ. ಪದವಿಯ ಪತ್ರದಲ್ಲಿ ಅವು ಹೆಸರಿನ ಮುಂದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು. ಮದುವೆಯಾದ ಮೇಲೆ ಗಂಡನ ಹೆಸರು. ನಾಲ್ಕು ಪತ್ರಗಳಲ್ಲಿ ನಾಲ್ಕು ಹೆಂಗಸರು. ಇವರೆಲ್ಲ ಒಬ್ಬಳೇ ಎಂದು ಮೆಚ್ಚಿಸಲು ಸಾವಿರಾರು ಮೈಲಿ ದೂರದಿಂದ ಪ್ರಮಾಣಪತ್ರ ಮಾಡಿಸಿ, ನಮ್ಮ ವಿಶ್ವವಿದ್ಯಾನಿಲಯದ ಕಿಟಕಿಯ ಮುಂದೆ ವೃದ್ಧ ತಂದೆಯನ್ನು ನಿಲ್ಲಿಸಬೇಕಾಗುತ್ತದೆ. ಅಂಥ ತಂದೆಯೊಬ್ಬರ ಜೊತೆ ಒಂದು ಕಚೇರಿಗೆ ನಾನೂ ಮೂರು ಸಲ ಹೋಗಿದ್ದೆ. ಮೂರನೆಯ ಸಲ ಗುಮಾಸ್ತರು ಕಡತವನ್ನು ತೆಗೆದು, ‘ಹುಡುಗಿಯೇ ಬಂದು ಸಹಿ ಹಾಕಲಿ’ ಎಂದರು. ಹುಡುಗಿ ಕ್ಯಾಲ್ಗರಿಯಲ್ಲಿದ್ದಳು.

ಕಾಲೇಜು ಬಿಡುವ ವರ್ಷವೇ, ಮದುವೆಯ ಮಾತು ಬರುವ ಮುಂಚೆಯೇ, ಪ್ರತಿಯೊಬ್ಬ ವಿದ್ಯಾರ್ಥಿನಿಯ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದುವಂತೆ ಒಂದೇ ರೀತಿ ಬರೆದು, ಟ್ರಾನ್ಸ್‌ಕ್ರಿಪ್ಟಿನ ಎರಡು ಮೂರು ಮೊಹರಿನ ಲಕೋಟೆಗಳನ್ನು ಅವಳ ಕೈಗೆ ಕೊಡುವುದು ಯಾವ ಕಚೇರಿಗೂ ಅಸಾಧ್ಯವಾದದ್ದಲ್ಲ. ಇದಕ್ಕೆ ಅಮೆರಿಕದ ನ್ಯಾಯಾಲಯದ ತೀರ್ಪು ಬೇಕಾಗಿಲ್ಲ, ಒಂಟಾರಿಯೋದ ಕಾನೂನೂ ಬೇಕಾಗಿಲ್ಲ. ಒಬ್ಬ ಪ್ರಾಂಶುಪಾಲರ ಒಂದು ಸುತ್ತೋಲೆ ಸಾಕು.